ತೊಗರಿ ಬೇರಿನ ಗುಲಾಬಿ ಗಂಟು

ಭೀಮಾ ದಂಡೆಯ ಸನ್ನತಿಯಿಂದ ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿ ಮುಟ್ಟುವವರೆಗೂ ಶ್ರಾವಣದಲ್ಲಿ ಕಣ್ಣಿಗೆ ಬೀಳುವುದು ತೊಗರಿ ಹೊಲಗಳೇ. ತೊಗರಿಯ ಕಣಜ ಎಂದು ಹೆಸರಾದ ಸೀಮೆ ಇದು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಸಾರಜನಕವಿಲ್ಲದೆ ಪ್ರೋಟೀನ್ ಆಗದು. ಇಲ್ಲಿನ ಎರೆಮಣ್ಣಿನಲ್ಲೋ ಸಾರಜನಕ ಕಡಿಮೆ. ಹಾಗಾದರೆ ತೊಗರಿ ಅದನ್ನು ಎಲ್ಲಿಂದ ತರುತ್ತದೆ?

ಬಹುಪಾಲು ಗಾಳಿಯಿಂದ. ಗಾಳಿಯ ನೂರರಲ್ಲಿ 78 ಭಾಗ ಸಾರಜನಕವೇ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿದುಕೊಂಡಿವೆ. ಗಿಡವಾಗಲಿ ಪ್ರಾಣಿಯಾಗಲಿ ಆ ಬಿಗಿತವನ್ನು ತಾನಾಗಿ ಬಿಡಿಸಲಾರದು. ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಸುವ ಕಾರ್ಖಾನೆಗಳು 400ರಿಂದ 500 ಡಿಗ್ರಿ ಸೆಲ್ಸಿಯಸ್ ಕಾವು, ವಾತಾವರಣದ ನೂರಾರು ಪಟ್ಟು ಒತ್ತಡ ಬಳಸಿ ಅದನ್ನು ಬಿಡಿಸುತ್ತವೆ. ಇಲ್ಲೇ ಪಕ್ಕದ ವಾಡಿಯ ಸಿಮೆಂಟ್ ಕುಲುಮೆಯಲ್ಲಿ ಸುಣ್ಣಕಲ್ಲು ಕ್ಲಿಂಕರ್ ಆಗಲು ಸುಮಾರು 1450 ಡಿಗ್ರಿ ಬೇಕು. ಅದೇ ಸೀಮೆಯ ಹೊಲದಲ್ಲಿ, ಗೇಣುದ್ದ ಮಣ್ಣಿನ ಕೆಳಗೆ, ಬೇರಿನ ಸಣ್ಣ ಗಂಟೊಂದು ಮಣ್ಣಿನ ಸಹಜ ಕಾವಿನಲ್ಲೇ ಸಾರಜನಕವನ್ನು ಅಮೋನಿಯಾ ಮಾಡುತ್ತದೆ.

ಗಂಟಿನೊಳಗೆ ಈ ಕೆಲಸ ಮಾಡುವವು ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳು. ದ್ವಿದಳ ಗಿಡಗಳು ಗಂಟುಗಳ ಮೂಲಕ ಗಾಳಿಯ ಸಾರಜನಕ ಪಡೆಯುತ್ತವೆಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ 1886ರಲ್ಲಿ ತಿಳಿಸಿದರು. ಗಂಟಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದವರು ಹಾಲೆಂಡಿನ ಬೈಯರಿಂಕ್, 1888ರಲ್ಲಿ. ಈ ಸಹವಾಸ ಶುರುವಾಗುವುದು ರಾಸಾಯನಿಕ ಸಂದೇಶಗಳಿಂದ. ಬೇರು ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ಮಣ್ಣಿಗೆ ಬಿಡುತ್ತದೆ, ಬ್ಯಾಕ್ಟೀರಿಯಾ ತನ್ನದೇ ಸಂದೇಶದ ಅಣುಗಳಿಂದ ಉತ್ತರಿಸುತ್ತದೆ. ಆಗ ಬೇರುಗೂದಲಿನ ಕೋಶದ ಕೇಂದ್ರದಲ್ಲಿ ಕ್ಯಾಲ್ಸಿಯಂ ಮಟ್ಟ ಮತ್ತೆ ಮತ್ತೆ ಏರಿಳಿಯತೊಡಗುತ್ತದೆ. ಗಂಟು ಕಟ್ಟಲು ಬೇಕಾದ ವಂಶವಾಹಿಗಳನ್ನು ಎಬ್ಬಿಸುವ ಸೂಚನೆ ಇದು. ಬೇರುಗೂದಲು ಸುರುಳಿಯಾಗಿ ಬ್ಯಾಕ್ಟೀರಿಯಾವನ್ನು ಒಳಗೆ ಕರೆದುಕೊಳ್ಳುತ್ತದೆ.

ಒಳಬಂದ ಬ್ಯಾಕ್ಟೀರಿಯಾದ ಬಳಿ ನೈಟ್ರೋಜಿನೇಸ್ ಎಂಬ ಕಿಣ್ವ ಇದೆ. ಅದರ ಗರ್ಭದಲ್ಲಿರುವುದು ಕಬ್ಬಿಣ, ಗಂಧಕ, ಮಾಲಿಬ್ಡಿನಂ. ಕುಲುಮೆಯ ಕಾವು ಅದಕ್ಕೆ ಬೇಡ, ಆದರೆ ಶಕ್ತಿಯ ಖರ್ಚು ಮಾತ್ರ ತಪ್ಪದು. ಒಂದು ಸಾರಜನಕ ಅಣು ಎರಡು ಅಮೋನಿಯಾ ಆಗಲು ಕನಿಷ್ಠ 16 ಎಟಿಪಿ ಅಣುಗಳು ಬೇಕು, ಜೊತೆಗೆ 8 ಎಲೆಕ್ಟ್ರಾನ್‌ಗಳೂ ಬೇಕು. ಎಲ್ಲ ಜೀವಕೋಶಗಳೂ ದುಡಿಮೆಗೆ ಬಳಸುವ ಶಕ್ತಿಯ ಅಣು ಎಟಿಪಿ. ನಮ್ಮ ಕೋಶವೊಂದು ಒಂದು ಗ್ಲೂಕೋಸ್ ಅಣುವನ್ನು ಪೂರ್ತಿ ದಹಿಸಿದರೆ ಸಿಗುವುದು ಸುಮಾರು 30 ಎಟಿಪಿ. ಅಂದರೆ ಅದರ ಅರ್ಧಕ್ಕಿಂತ ಹೆಚ್ಚು ಒಂದೇ ಒಂದು ಸಾರಜನಕ ಅಣುವಿಗೆ ಹೋಗುತ್ತದೆ.

ಈ ಖರ್ಚನ್ನು ಭರಿಸುವುದು ಎಲೆ. ಬಿಸಿಲಿನ ಬಲದಿಂದ ಎಲೆಯ ಕೋಶಗಳು ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಸಕ್ಕರೆ ಮಾಡುತ್ತವೆ. ಸಕ್ಕರೆ ಕಾಂಡದಲ್ಲಿ ಇಳಿದು ಬೇರಿಗೆ ಬರುತ್ತದೆ. ಗಂಟಿನ ಕೋಶಗಳು ಅದನ್ನು ಮ್ಯಾಲೇಟ್ ಎಂಬ ಚಿಕ್ಕ ಆಮ್ಲವಾಗಿಸಿ ಬ್ಯಾಕ್ಟೀರಿಯಾಗೆ ಉಣಿಸುತ್ತವೆ. ಬ್ಯಾಕ್ಟೀರಿಯಾ ಅದನ್ನು ಆಮ್ಲಜನಕದ ನೆರವಿನಿಂದ ದಹಿಸಿ ಎಟಿಪಿ ಮಾಡಿಕೊಳ್ಳುತ್ತದೆ.

ತೊಡಕು ಇರುವುದು ಇಲ್ಲೇ. ಎಟಿಪಿಗೆ ಆಮ್ಲಜನಕ ಬೇಕು, ಆದರೆ ಆಮ್ಲಜನಕ ತಗುಲಿದರೆ ನೈಟ್ರೋಜಿನೇಸ್ ಕೆಟ್ಟುಹೋಗುತ್ತದೆ. ಇದಕ್ಕೆ ಗಿಡ ಕಂಡುಕೊಂಡ ದಾರಿ ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧು. ಕಾಲುವೆಯ ತೂಬು ಹೊಲಕ್ಕೆ ಬೇಕಾದಷ್ಟೇ ನೀರು ಬಿಡುವಂತೆ ಅದು ಆಮ್ಲಜನಕವನ್ನು ಹಿಡಿದಿಟ್ಟು, ಉಸಿರಾಟಕ್ಕೆ ಸಾಕಾಗುವಷ್ಟನ್ನು ಮಾತ್ರ ಬಿಡುತ್ತದೆ. ಕೆಲಸ ಮಾಡುವ ಗಂಟನ್ನು ಸೀಳಿದರೆ ಕಾಣುವ ಗುಲಾಬಿ ಬಣ್ಣ ಇದರದ್ದೇ.

ತಯಾರಾದ ಅಮೋನಿಯಾವನ್ನು ಗಿಡದ ಕೋಶಗಳು ಕೂಡಲೇ ಅಮೈನೋ ಆಮ್ಲಕ್ಕೆ ಸೇರಿಸಿಕೊಳ್ಳುತ್ತವೆ. ತೊಗರಿಯಲ್ಲಿ ಆ ಸಾರಜನಕ ಹೆಚ್ಚಾಗಿ ಯೂರೈಡ್ ಎಂಬ ರೂಪದಲ್ಲಿ ನೀರಿನೊಂದಿಗೆ ಮೇಲೇರುತ್ತದೆ. ಹೀಗೆ ಬಿಸಿಲಿನ ಶಕ್ತಿ ಕೆಳಗಿಳಿದು, ಗಾಳಿಯ ದ್ರವ್ಯ ಮೇಲೇರಿ, ಎರಡೂ ಕಾಯಿಯೊಳಗಿನ ಕಾಳಿನಲ್ಲಿ ಕೂಡುತ್ತವೆ.

ಇದು ತಿಳಿದರೆ ಹೊಲದ ಹಲವು ಸಂಗತಿಗಳು ಅರ್ಥವಾಗುತ್ತವೆ. ಜೋರು ಮಳೆಗೆ ಎರೆ ಹೊಲದಲ್ಲಿ ನೀರು ನಿಂತರೆ ತೊಗರಿ ಹಳದಿಯಾಗುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿ ಇಲ್ಲದೆ ಬೇರೂ ಗಂಟೂ ಉಸಿರುಗಟ್ಟುತ್ತವೆ, ಎಟಿಪಿ ನಿಲ್ಲುತ್ತದೆ, ಅದರೊಂದಿಗೆ ಸಾರಜನಕವೂ ನಿಲ್ಲುತ್ತದೆ. ಬಸಿಗಾಲುವೆ ತೆಗೆದು ನೀರು ಹೊರಹಾಕುವುದು ಗಂಟಿಗೆ ಉಸಿರು ಕೊಟ್ಟಂತೆಯೇ. ಇನ್ನು ಯೂರಿಯಾ. ಅದು ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ಧಾರಾಳವಾಗಿ ಸಿಕ್ಕರೆ ಗಿಡ ಅಷ್ಟೊಂದು ಸಕ್ಕರೆ ಸುರಿದು ಗಂಟು ಸಾಕುವುದಿಲ್ಲ. ಆದ್ದರಿಂದಲೇ ತೊಗರಿಗೆ ಬಿತ್ತುವಾಗ ಎಳೆಗಿಡಕ್ಕೆ ಆಸರೆಯಾಗುವಷ್ಟು ಮಾತ್ರ ಸಾರಜನಕ ಕೊಡಬೇಕೆಂಬ ಶಿಫಾರಸು ಇರುವುದು.

ಬಿತ್ತಿ ಒಂದೂವರೆ ತಿಂಗಳಾದ ಮೇಲೆ ಒಂದೆರಡು ಗಿಡಗಳನ್ನು, ಬೇರು ಹರಿಯದಂತೆ, ಸಲಿಕೆಯಿಂದ ಅಗೆದು ತೆಗೆಯಿರಿ. ಗಂಟುಗಳನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಇದ್ದರೆ ಮೇಲುಗೊಬ್ಬರವಾಗಿ ಯೂರಿಯಾ ಹಾಕಬೇಕಿಲ್ಲ. ಹಸಿರಾಗಿದ್ದರೆ ಗಂಟಿಗೆ ವಯಸ್ಸಾಗಿದೆ. ಬೆಳ್ಳಗಿದ್ದರೆ ಅಥವಾ ಗಂಟೇ ಇಲ್ಲದಿದ್ದರೆ ಮುಂದಿನ ಮುಂಗಾರಿಗೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ತೊಗರಿಯ ರೈಜೋಬಿಯಂ ಲೇಪಿಸಿ, ನೆರಳಲ್ಲಿ ಒಣಗಿಸಿ ಬಿತ್ತಬೇಕು. ಚೀಲದ ಗೊಬ್ಬರಕ್ಕೆ ದುಡ್ಡು ಸುರಿಯುವ ಮೊದಲು ಬೇರನ್ನೇ ಕೇಳುವ ಈ ಪರೀಕ್ಷೆ ನಮ್ಮ ಪ್ರತಿ ತೊಗರಿ ಹೊಲದಲ್ಲೂ ನಡೆಯಬೇಕು.