ಬಿದ್ದ ದಾರಿಯಲ್ಲೇ ಸಿಕ್ಕ ಹನ್ನೊಂದು ಅಂಕ

ಸಾಗರದಿಂದ ವರದಹಳ್ಳಿಗೆ ಮಳೆಗಾಲದಲ್ಲಿ ಬೈಕಿನಲ್ಲಿ ಹೋದವರಿಗೆ ತಿರುವು ಎಂದರೇನೆಂದು ವಿವರಿಸಬೇಕಾಗಿಲ್ಲ. ಮರದ ನೆರಳು, ನೆರಳಿನಡಿ ಹಾವಸೆ, ಅದರ ಮೇಲೆ ಕೊಳೆತ ಎಲೆ. ಶ್ರೀಧರ ಸ್ವಾಮಿಗಳ ಆಶ್ರಮಕ್ಕೆ ಹೊರಟ ಭಕ್ತರು ಗೇರು ಇಳಿಸಿ ನಿಧಾನವಾಗಿ ಸಾಗುತ್ತಾರೆ. ಹಿಂದಿನಿಂದ ಬಂದ ಕಾಲೇಜು ಹುಡುಗನೊಬ್ಬ ಬೈಕನ್ನು ವಾಲಿಸಿ ಬುರ್ರನೆ ಮುಂದೆ ಹೋಗಿಬಿಡುತ್ತಾನೆ. ಹಿರಿಯರು ಬೈದುಕೊಳ್ಳುತ್ತಾರೆ. ಬೈಯುವುದು ಸರಿಯೇ. ಆದರೆ ವಾಲಿಸುವುದು ಬರೀ ಶೋಕಿಯಲ್ಲ, ಅದರ ಹಿಂದೆ ಲೆಕ್ಕವಿದೆ.

ತಿರುವಿನಲ್ಲಿ ಬೈಕನ್ನು ಒಳಕ್ಕೆ ಎಳೆಯುವ ಬಲ ಬರುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯಿಂದ. 20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 36 ಕಿ.ಮೀ. ವೇಗದಲ್ಲಿ ದಾಟಲು ಬೈಕು ಸುಮಾರು 27 ಡಿಗ್ರಿ ವಾಲಬೇಕು. ವೇಗ 54 ಕಿ.ಮೀ. ಆದರೆ 49 ಡಿಗ್ರಿ. ವೇಗ ಒಂದೂವರೆ ಪಟ್ಟಾದರೆ ಬೇಕಾಗುವ ಬಲ ಎರಡೂಕಾಲು ಪಟ್ಟಾಗುತ್ತದೆ. ಒದ್ದೆ ರಸ್ತೆ ಅಷ್ಟು ಬಲ ಕೊಡಲಾರದು, ಬೈಕು ಜಾರುತ್ತದೆ. ಒಣಗಿದ ಟ್ರ್ಯಾಕಿನ ಮೇಲೆ ಮೆತ್ತನೆಯ ರೇಸಿಂಗ್ ಟೈರು ಹಾಕಿಕೊಂಡ ವಿಶ್ವಮಟ್ಟದ ಸವಾರರು 60 ಡಿಗ್ರಿಗೂ ಮೀರಿ ವಾಲಿ, ಮೊಣಕಾಲು ನೆಲಕ್ಕೆ ತಾಗಿಸಿ ಹೋಗುತ್ತಾರೆ. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ.

ಕನ್ನಡ ನಾಡಿಗೆ ಈ ಹುಚ್ಚು ಹೊಸದೇನಲ್ಲ. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳ ಡಬ್ ಡಬ್ ಸದ್ದು ಎಷ್ಟೋ ಮಂದಿಯ ಕಿವಿಯಲ್ಲಿ ಇನ್ನೂ ಇದೆ. ಆದರೆ ರೇಸಿಗೆ ಹೋಗಬೇಕೆಂದರೆ ತಮಿಳುನಾಡಿಗೇ ಹೋಗಬೇಕಿತ್ತು. ಮೊದಲು ಮದ್ರಾಸಿನ ಬಳಿ ಶೋಳವರಂನ ಹಳೆಯ ವಿಮಾನದ ಓಡುದಾರಿ. ಆಮೇಲೆ ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕು, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ.

ಇದೇ ಹಾದಿ ಹಿಡಿದವರು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. ಹುಟ್ಟಿದ್ದು 1995ರಲ್ಲಿ. ವಾರಾಂತ್ಯದ ಬೈಕು ತಿರುಗಾಟದಿಂದ ಶುರುವಾದ ಹವ್ಯಾಸ, ಎಂಟಿವಿ ವಾಹಿನಿಯ ಕಾರ್ಯಕ್ರಮವೊಂದಕ್ಕಾಗಿ ಕಚ್ಛದ ರಣದಿಂದ ಚಿರಾಪುಂಜಿಯವರೆಗೆ 24 ದಿನಗಳಲ್ಲಿ ಮುಂಗಾರನ್ನು ಬೆನ್ನಟ್ಟುವ ಮಟ್ಟಕ್ಕೆ ಬೆಳೆಯಿತು. ಆಮೇಲೆ ಕೊಯಮತ್ತೂರಿನಲ್ಲಿ ಟ್ರ್ಯಾಕಿನ ತರಬೇತಿ. 2017ರಲ್ಲಿ ರಸ್ತೆ ರೇಸ್ ಮತ್ತು ರ‍್ಯಾಲಿ ಎರಡರಲ್ಲೂ ಮಹಿಳಾ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಅವರದಾಯಿತು. ನಡುವೆ ಕೊರಳ ಮೂಳೆ ಮುರಿದು, ಲೋಹದ ಪಟ್ಟಿ ಕೂರಿಸಿ ಸ್ಕ್ರೂ ಬಿಗಿಸಿದ್ದೂ ಆಯಿತು.

ರಸ್ತೆ ರೇಸ್ ಮತ್ತು ರ‍್ಯಾಲಿ ಎರಡೂ ಬೈಕಿನ ಮೇಲೆಯೇ ನಡೆದರೂ ವಿದ್ಯೆ ಬೇರೆ ಬೇರೆ. ಟ್ರ್ಯಾಕಿನಲ್ಲಿ ಅದೇ ತಿರುವು ಮತ್ತೆ ಮತ್ತೆ ಬರುತ್ತದೆ. ಹತ್ತನೇ ಸುತ್ತಿಗೆ ಅದರ ಗುಣ ಕೈಗೆ ಗೊತ್ತಾಗಿರುತ್ತದೆ. ರ‍್ಯಾಲಿಯಲ್ಲಿ ಬಂದ ತಿರುವು ಮರಳಿ ಬರುವ ಭರವಸೆ ಇಲ್ಲ. ಅದರಲ್ಲೂ ‘ಬಾಹಾ’ ಎಂಬ ಸ್ಪರ್ಧೆಯಲ್ಲಿ—ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಪ್ರದೇಶದಿಂದ ಬಂದ ಹೆಸರಿದು—ಒಂದೆರಡು ದಿನಗಳಲ್ಲಿ ನೂರಾರು ಕಿಲೋಮೀಟರ್ ಮರಳು, ಕಲ್ಲು, ಹಳ್ಳ ದಾಟಬೇಕು. ಹ್ಯಾಂಡಲ್ಲಿಗೆ ಕಟ್ಟಿದ ಪೆಟ್ಟಿಗೆಯಲ್ಲಿ ಸುರುಳಿ ಕಾಗದ. ಇಷ್ಟು ದೂರಕ್ಕೆ ಎಡ, ಅಷ್ಟು ದೂರಕ್ಕೆ ಗುಂಡಿ ಎಂಬ ಚಿಹ್ನೆಗಳು. ಅದನ್ನು ಓದುತ್ತಲೇ ಓಡಿಸಬೇಕು.

ಮರಳಿನಲ್ಲಿ ಟಾರು ರಸ್ತೆಯ ಬುದ್ಧಿ ತಲೆಕೆಳಗಾಗುತ್ತದೆ. ಹೆದರಿ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಬಂದು ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಸವಾರ ಫುಟ್‌ರೆಸ್ಟ್ ಮೇಲೆ ನಿಂತು, ಮೈಯ ಭಾರ ಹಿಂದಕ್ಕೆ ತಂದು, ವೇಗ ಕೊಡುತ್ತಲೇ ಇರಬೇಕು. ಇದನ್ನು ಐಶ್ವರ್ಯಾ ಕಲಿತದ್ದು ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ ಅವರಿಂದ. ದಕ್ಷಿಣ ಅಮೆರಿಕದಲ್ಲಿ 2015ರಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿ, ಆ ರ‍್ಯಾಲಿಯ ಕೊನೆ ಮುಟ್ಟಿದ ಮೊದಲ ಭಾರತೀಯರೆನಿಸಿದವರು ಸಂತೋಷ್. ಗುರು ಸಿಕ್ಕರೆ ಹೀಗೆ ಸಿಗಬೇಕು.

2018ರಲ್ಲಿ ಐಶ್ವರ್ಯಾ ಸ್ಪೇನಿನ ‘ಬಾಹಾ ಅರಗೋನ್’ ಸ್ಪರ್ಧೆಗೆ ಇಳಿದರು. ಅಲ್ಲಿ ಬಿದ್ದರು. ಮೇದೋಜೀರಕ ಗ್ರಂಥಿ ಸೀಳಿತು.

ಈ ಗ್ರಂಥಿಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿದೆ. ಹ್ಯಾಂಡಲ್ ಹೊಟ್ಟೆಗೆ ಬಡಿದಾಗ ಬೆನ್ನುಮೂಳೆಗೆ ಒತ್ತಿಕೊಂಡು ಸೀಳಬಹುದು. ಸೈಕಲ್ಲಿನಿಂದ ಬಿದ್ದ ಮಕ್ಕಳಲ್ಲೂ ಇದು ಕಾಣುವುದುಂಟು. ಇನ್ಸುಲಿನ್ ತಯಾರಾಗುವುದು ಅಲ್ಲೇ. ಅನ್ನ, ಬೇಳೆ, ಎಣ್ಣೆಯನ್ನೆಲ್ಲ ಕರಗಿಸುವ ರಸಗಳು ಬರುವುದೂ ಅಲ್ಲಿಂದಲೇ. ಗ್ರಂಥಿ ಸೀಳಿದರೆ ಆ ರಸ ಹೊರಗೆ ಸೋರಿ ಸುತ್ತಲಿನ ಅಂಗಾಂಶವನ್ನೇ ಜೀರ್ಣಿಸತೊಡಗುತ್ತದೆ. ಕೈ ಮುರಿದರೆ ಪ್ಲಾಸ್ಟರ್ ಹಾಕಬಹುದು. ಇದಕ್ಕೆ ಅಂಥ ಉಪಾಯವಿಲ್ಲ. ಜೀವಕ್ಕೇ ಕುತ್ತು ತರಬಲ್ಲ ಗಾಯವಿದು. ಇಂಥದ್ದರಿಂದ ಎದ್ದು ಬಂದ ಮಗಳನ್ನು ಮತ್ತೆ ಬೈಕು ಹತ್ತಲು ಬಿಡುವ ಮನೆಗಳು ನಮ್ಮಲ್ಲಿ ಎಷ್ಟಿದ್ದಾವು?

ಐಶ್ವರ್ಯಾ ಹತ್ತಿದರು. 2019ರಲ್ಲಿ ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟದ ಬಾಹಾ ವಿಶ್ವಕಪ್ಪಿಗೆ ಹೊರಟರು. ಅದು ಹಲವು ಸುತ್ತುಗಳ ಸರಣಿ. ಮೊದಲ ಐದು ಸ್ಥಾನಗಳಿಗೆ ಕ್ರಮವಾಗಿ 25, 20, 16, 13, 11 ಅಂಕ. ಮಹಿಳಾ ವಿಭಾಗದಲ್ಲಿ ದುಬೈ ಸುತ್ತನ್ನು ಗೆದ್ದರು: 25. ಪೋರ್ಚುಗಲ್‌ನಲ್ಲಿ ಮೂರನೆಯ ಸ್ಥಾನ: 16. ಆಮೇಲೆ ಬಂದದ್ದು ಸ್ಪೇನ್. ಹಿಂದಿನ ವರ್ಷ ಹೊಟ್ಟೆ ಸೀಳಿಸಿದ ಅದೇ ಅರಗೋನ್.

ಅಲ್ಲಿ ಅವರು ಗೆಲ್ಲಲಿಲ್ಲ. ಐದನೆಯವರಾಗಿ ಮುಗಿಸಿದರು, ಹನ್ನೊಂದು ಅಂಕ. ಪತ್ರಿಕೆಯ ಕ್ರೀಡಾ ಪುಟದಲ್ಲಿ ಐದನೆಯ ಸ್ಥಾನಕ್ಕೆ ಒಂದು ಸಾಲೂ ಸಿಗುವುದಿಲ್ಲ. ಹಂಗೇರಿಯ ವಾರ್ಪಲೋಟದಲ್ಲಿ ಆಗಸ್ಟಿನಲ್ಲಿ ನಡೆದ ಕೊನೆಯ ಸುತ್ತಿನಲ್ಲಿ ನಾಲ್ಕನೆಯ ಸ್ಥಾನ, 13 ಅಂಕ. ಎಲ್ಲ ಕೂಡಿಸಿದಾಗ 65 ಆಯಿತು. ಪೋರ್ಚುಗಲ್‌ನ ರೀಟಾ ವಿಯೇರಾ ಅವರದು 61. ಹೆದರಿಕೆಯಿಂದಲೋ ಜಾಣತನದಿಂದಲೋ ಸ್ಪೇನಿನ ಸುತ್ತನ್ನು ಬಿಟ್ಟಿದ್ದರೆ ಐಶ್ವರ್ಯಾ ಅವರ ಒಟ್ಟು 54ಕ್ಕೆ ನಿಲ್ಲುತ್ತಿತ್ತು. ಪ್ರಶಸ್ತಿ ಪೋರ್ಚುಗಲ್ಲಿಗೆ ಹೋಗುತ್ತಿತ್ತು.

ಮೋಟಾರ್ ಕ್ರೀಡೆಯಲ್ಲಿ ವಿಶ್ವ ಮಟ್ಟದ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಎಂದು ಪತ್ರಿಕೆಗಳು ಬರೆದವು. ಮಹಿಳಾ ವಿಭಾಗದಲ್ಲಿ ಸ್ಪರ್ಧಿಗಳು ಹೆಚ್ಚಿರಲಿಲ್ಲವೆಂದು ಮೂಗು ಮುರಿಯುವವರೂ ಇರಬಹುದು. ಅದು ನಿಜವೇ. ಆದರೆ ಬಾಹಾದಲ್ಲಿ ಹೆಂಗಸರಿಗೆಂದು ಬೇರೆ ದಾರಿ ಹಾಕಿಕೊಡುವುದಿಲ್ಲ. ಗಂಡಸರು ಓಡಿಸುವ ಮರಳಿನಲ್ಲೇ, ಅದೇ ಕಲ್ಲುಗಳ ಮೇಲೇ ಹೋಗಬೇಕು. ಅಷ್ಟೇ ಅಲ್ಲ, ಅದೇ ವರ್ಷದ ಕಿರಿಯರ ವಿಭಾಗದಲ್ಲೂ ಐಶ್ವರ್ಯಾ 46 ಅಂಕ ಪಡೆದು ಎರಡನೆಯವರಾದರು. 60 ಅಂಕಗಳೊಂದಿಗೆ ಅಲ್ಲಿ ಮೊದಲಿಗರಾದವರು ಚಿಲಿ ದೇಶದ ಯುವಕ ತೋಮಸ್ ದೆ ಗವಾರ್ದೋ.