ಅದು ಸಾಂತಾಕ್ರೂಜ್ ಅಲ್ಲ, ಜುಹು

ಮುಂಬೈನ ಜುಹು ವಿಮಾನ ನಿಲ್ದಾಣದ ರನ್‌ವೇ ಉದ್ದ ಸುಮಾರು 1,140 ಮೀಟರ್. ಪುಟ್ಟ ವಿಮಾನ, ಹೆಲಿಕಾಪ್ಟರ್‌ಗಳಿಗೆ ಅಷ್ಟು ಧಾರಾಳ. 1972ರ ಸೆಪ್ಟೆಂಬರ್ 24ರ ಬೆಳಿಗ್ಗೆ ಅದರ ಮೇಲೆ ಬಂದಿಳಿದದ್ದು ನಾಲ್ಕು ಎಂಜಿನ್ನಿನ ಜೆಟ್, ಜಪಾನ್ ಏರ್‌ಲೈನ್ಸ್‌ನ ಡಿಸಿ-8. ಲಂಡನ್ನಿನಿಂದ ಹೊರಟು ಊರೂರು ಮುಟ್ಟುತ್ತ ಟೋಕಿಯೊ ಸೇರಬೇಕಿದ್ದ ವಿಮಾನ ಅದು. ಇಳಿಯಬೇಕಿದ್ದದ್ದು ಎರಡು-ಮೂರು ಕಿಲೋಮೀಟರ್ ಆಚೆಯ ಸಾಂತಾಕ್ರೂಜ್‌ನಲ್ಲಿ, ಅಂದರೆ ಮುಂಬೈನ ಈಗಿನ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ. ರನ್‌ವೇ ಮುಗಿದರೂ ವಿಮಾನ ನಿಲ್ಲಲಿಲ್ಲ. ಆಚೆ ನುಗ್ಗಿ ಜಖಂಗೊಂಡಿತು. ಒಳಗಿದ್ದ 122 ಜನರಲ್ಲಿ ಕೆಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ವಿಮಾನ ಮಾತ್ರ ಮತ್ತೆ ಹಾರುವ ಸ್ಥಿತಿಯಲ್ಲಿ ಉಳಿಯಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಅದೇ ಕಂಪನಿಯ ಇನ್ನೊಂದು ಡಿಸಿ-8 ದೆಹಲಿಯ ಪಾಲಂ ಬಳಿ ಬಿದ್ದು ಎಂಬತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಅದನ್ನು ನೆನೆದರೆ ಜುಹುವಿನಲ್ಲಿ ಆದದ್ದು ದೊಡ್ಡ ಅದೃಷ್ಟ.

ಜಪಾನಿನವರು ಈ ತಪ್ಪು ಮಾಡಿದವರಲ್ಲಿ ಮೊದಲಿಗರಲ್ಲ. 1953ರ ಜುಲೈನಲ್ಲಿ ಬ್ರಿಟನ್ನಿನ ಬಿಒಎಸಿ ಕಂಪನಿಯ ಕಾಮೆಟ್ ವಿಮಾನವೂ ಸಾಂತಾಕ್ರೂಜ್ ಎಂದುಕೊಂಡು ಜುಹುವಿನಲ್ಲಿ ಇಳಿದಿತ್ತು. ಕಾಮೆಟ್ ಎಂದರೆ ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ. ಸೇವೆ ಶುರುವಾಗಿ ವರ್ಷ ಕಳೆದಿತ್ತಷ್ಟೆ. ಇಳಿದದ್ದೇನೋ ಆಯಿತು, ಆ ಗಿಡ್ಡ ರನ್‌ವೇಯಿಂದ ಮತ್ತೆ ಏರಿಸಿಕೊಂಡು ಹೋಗಲು ಒಂಬತ್ತು ದಿನ ಬೇಕಾಯಿತು.

ಇಬ್ಬರು ಎಡವಿದ ಜಾಗ ಒಂದೇ ಆದಾಗ ತಪ್ಪನ್ನು ಪೈಲಟ್‌ಗಳ ತಲೆಗೆ ಮಾತ್ರ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅದರ ಬೇರು ನೆಲದಲ್ಲೂ ಇದೆ. ಜುಹು 1928ರಲ್ಲಿ ಹುಟ್ಟಿದ ನಿಲ್ದಾಣ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಂಚೆಚೀಲ ಹೊತ್ತು ತಂದು ಇಳಿದದ್ದು ಇಲ್ಲಿಯೇ. ಆದರೆ ಕಡಲಂಚಿನ ತಗ್ಗು ನೆಲ. ಮಳೆಗಾಲ ಬಂತೆಂದರೆ ಕೆಸರು, ನೀರು. ಆ ತಿಂಗಳುಗಳಲ್ಲಿ ಟಾಟಾ ವಿಮಾನಗಳು ಪುಣೆಗೆ ವಲಸೆ ಹೋಗುತ್ತಿದ್ದವು. ಎರಡನೇ ಮಹಾಯುದ್ಧದ ಕಾಲಕ್ಕೆ ಸಾಂತಾಕ್ರೂಜ್‌ನಲ್ಲಿ ಸೇನೆಯ ವಾಯುನೆಲೆ ಬೆಳೆಯಿತು, ಯುದ್ಧ ಮುಗಿದ ಮೇಲೆ ನಾಗರಿಕ ವಿಮಾನಗಳೂ ಅಲ್ಲಿಗೇ ಹೋದವು. ಹಳೆಯದನ್ನು ಯಾರೂ ಮುಚ್ಚಲಿಲ್ಲ. ಕಡಲ ಕಡೆಯಿಂದ ಬರುವ ಪೈಲಟ್‌ಗೆ ಮೊದಲು ಕಾಣುವುದು ಜುಹು, ಆಮೇಲೆ ಸಾಂತಾಕ್ರೂಜ್.

ಎರಡೂ ರನ್‌ವೇ ಒಂದೇ ದಿಕ್ಕಿಗೆ ಮುಖ ಮಾಡಿರುವುದೂ ಆಕಸ್ಮಿಕವಲ್ಲ. ವಿಮಾನ ಏರುವುದು, ಇಳಿಯುವುದು ಗಾಳಿಗೆ ಎದುರಾಗಿ; ಆದ್ದರಿಂದ ಒಂದು ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಯಾವ ಕಡೆಯಿಂದ ಬೀಸುತ್ತದೋ ಅದನ್ನು ನೋಡಿಯೇ ರನ್‌ವೇ ಹಾಕುತ್ತಾರೆ. ಪಕ್ಕಪಕ್ಕದ ನಿಲ್ದಾಣಗಳಿಗೆ ಗಾಳಿ ಒಂದೇ, ಹಾಗಾಗಿ ದಿಕ್ಕೂ ಒಂದೇ. ರನ್‌ವೇ ತುದಿಯಲ್ಲಿ ಬರೆದಿರುವ ಸಂಖ್ಯೆ ದಿಕ್ಸೂಚಿಯ ಅಂಶವನ್ನು ಹತ್ತರಿಂದ ಭಾಗಿಸಿದ್ದು. 90 ಡಿಗ್ರಿ ಅಂದರೆ 09. ಸಾಂತಾಕ್ರೂಜ್‌ನ ಮುಖ್ಯ ರನ್‌ವೇ 09, ಜುಹುವಿನದು 08. ಬೆಂಗಳೂರಿನಲ್ಲೇ ನೋಡಿ: ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು, ಕೆಂಪೇಗೌಡ ನಿಲ್ದಾಣ, ನಾಲ್ಕೂ ಕಡೆ ರನ್‌ವೇ ಪೂರ್ವ-ಪಶ್ಚಿಮವಾಗಿಯೇ ಮಲಗಿದೆ.

ಇನ್ನು ಕಣ್ಣಿನ ವಿಚಾರ. ಆಕಾಶ ತಿಳಿಯಾಗಿದ್ದಾಗ ಪೈಲಟ್ ‘ನಿಲ್ದಾಣ ಕಾಣುತ್ತಿದೆ’ ಎಂದು ತಿಳಿಸುತ್ತಾನೆ, ಕಂಟ್ರೋಲರ್ ವಿಶುವಲ್ ಅಪ್ರೋಚ್‌ಗೆ ಒಪ್ಪಿಗೆ ಕೊಡುತ್ತಾರೆ. ಅಲ್ಲಿಂದ ದಾರಿ ಹಿಡಿಯುವ ಹೊಣೆ ಪೈಲಟ್‌ನ ಕಣ್ಣಿಗೆ. ‘ಕಾಣುತ್ತಿದೆ’ ಎಂದದ್ದು ಯಾವ ನಿಲ್ದಾಣವನ್ನು ಎಂಬುದು ಆ ಮಾತಿನಿಂದ ಗೊತ್ತಾಗುವುದಿಲ್ಲ. ಕತ್ತಲಲ್ಲಿ ಹಗ್ಗವನ್ನು ಹಾವೆಂದುಕೊಂಡವನು ಹೆದರಿಯಾದರೂ ಎಚ್ಚರಗೊಳ್ಳುತ್ತಾನೆ. ಇಲ್ಲಿ ಭ್ರಮೆ ಹೆದರಿಸುವುದಿಲ್ಲ, ನೆಮ್ಮದಿ ಕೊಡುತ್ತದೆ. ಹುಡುಕುತ್ತಿದ್ದದ್ದು ಸಿಕ್ಕಿತೆಂದು ಮನಸ್ಸು ಒಪ್ಪಿದ ಮೇಲೆ, ಎದುರಿನ ಪರದೆ ಬೇರೆಯದನ್ನೇ ಹೇಳುತ್ತಿದ್ದರೂ ಕಣ್ಣು ಅತ್ತ ಹೋಗುವುದಿಲ್ಲ. ಮೋಡ ಮುಸುಕಿದ ದಿನ ಉಪಕರಣ ನಂಬಿ ಇಳಿಯುವವರೇ ಈ ವಿಷಯದಲ್ಲಿ ಹೆಚ್ಚು ಸುರಕ್ಷಿತರು ಎನ್ನಬಹುದು.

ಲಂಡನ್ನಿನಲ್ಲಿ 1960ರ ಅಕ್ಟೋಬರ್‌ನಲ್ಲಿ ಪ್ಯಾನ್ ಆಮ್ ಕಂಪನಿಯ ಬೋಯಿಂಗ್ 707 ಹೀಥ್ರೂ ಬಿಟ್ಟು ನಾರ್ತೋಲ್ಟ್ ವಾಯುನೆಲೆಯಲ್ಲಿ ಇಳಿಯಿತು. ಇಂಥ ಗೊಂದಲ ತಪ್ಪಿಸಲು ಅಲ್ಲಿನವರು ಹಿಡಿದ ಉಪಾಯ ನನಗೆ ಬಹಳ ಇಷ್ಟ: ದಾರಿಯಲ್ಲಿದ್ದ ದೈತ್ಯ ಗ್ಯಾಸ್ ಟ್ಯಾಂಕ್‌ಗಳ ಮೇಲೆ ಅಕ್ಷರ ಬರೆಸಿದರು. ಹೀಥ್ರೂ ದಾರಿಯ ಟ್ಯಾಂಕಿಗೆ ‘ಎಲ್‌ಎಚ್’, ನಾರ್ತೋಲ್ಟ್ ಕಡೆಯದಕ್ಕೆ ‘ಎನ್‌ಒ’.

ಉಪಗ್ರಹ ದಾರಿ ತೋರಿಸುವ ಕಾಲದಲ್ಲಿ ಇದೆಲ್ಲ ಮುಗಿದಿರಬೇಕಿತ್ತು. ಮುಗಿಯಲಿಲ್ಲ. 2013ರ ನವೆಂಬರ್‌ನಲ್ಲಿ ಅಮೆರಿಕದ ವಿಚಿಟಾದಲ್ಲಿ, ಬೋಯಿಂಗ್ ಬಿಡಿಭಾಗ ಹೊರುವ ಭಾರೀ 747 ಸರಕು ವಿಮಾನ ವಾಯುನೆಲೆ ಬಿಟ್ಟು ಸಣ್ಣ ಜಬಾರಾ ನಿಲ್ದಾಣದಲ್ಲಿ ಇಳಿಯಿತು. ಎರಡು ತಿಂಗಳೂ ಕಳೆದಿರಲಿಲ್ಲ, 2014ರ ಜನವರಿ 12ರ ರಾತ್ರಿ ಸೌತ್‌ವೆಸ್ಟ್ ಕಂಪನಿಯ 737 ಮಿಸೌರಿಯ ಬ್ರಾನ್ಸನ್ ನಿಲ್ದಾಣದ ಬದಲು ಸಮೀಪದ ಸಣ್ಣ ನಿಲ್ದಾಣಕ್ಕೆ ಇಳಿಯಿತು. ಆ ರನ್‌ವೇ ಉದ್ದವೂ ಹೆಚ್ಚುಕಡಿಮೆ ಜುಹುವಿನಷ್ಟೇ, 1,140 ಮೀಟರ್! ಪೈಲಟ್ ಜೋರಾಗಿ ಬ್ರೇಕ್ ಹಾಕಿದ್ದರಿಂದ ವಿಮಾನ ತುದಿಗೆ ನೂರು ಮೀಟರಿನಷ್ಟು ದೂರದಲ್ಲಿ ನಿಂತಿತು. ಅದರಾಚೆ ಇಳಿಜಾರು, ಹೆದ್ದಾರಿ. ದಾರಿಯ ವಿವರ ವಿಮಾನದ ಕಂಪ್ಯೂಟರಿನಲ್ಲೇ ಇತ್ತು. ಕಿಟಕಿಯಾಚೆ ದೀಪ ಕಂಡ ಮೇಲೆ ಅದನ್ನು ಯಾರೂ ತಾಳೆ ನೋಡಲಿಲ್ಲ.

ಅದಾದ ಮೇಲೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಒಂದು ಸರಳ ಸಲಹೆ ಕೊಟ್ಟಿತು: ಗೊಂದಲವಾಗಬಲ್ಲ ಪಕ್ಕದ ನಿಲ್ದಾಣವನ್ನು ವಿಮಾನ ದಾಟುವವರೆಗೆ ಇಳಿಯಲು ಅನುಮತಿ ಕೊಡಬೇಡಿ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣುವುದಿಲ್ಲ, ಏಕೆಂದರೆ ಬರಿಯ ಎಚ್ಚರಿಕೆಯ ಮಾತು ಸಾಲದೆಂಬುದಕ್ಕೆ ಸೌತ್ ಡಕೋಟದ ರ‍್ಯಾಪಿಡ್ ಸಿಟಿಯೇ ಸಾಕ್ಷಿ. 2004ರಲ್ಲಿ ಆ ಊರಿಗೆ ಹೊರಟ ನಾರ್ತ್‌ವೆಸ್ಟ್ ಕಂಪನಿಯ ವಿಮಾನವೊಂದು ಪಕ್ಕದ ಎಲ್ಸ್‌ವರ್ತ್ ವಾಯುನೆಲೆಯಲ್ಲಿ ಇಳಿದು ಸುದ್ದಿಯಾಗಿತ್ತು. ಒಂದು ರನ್‌ವೇ 13, ಇನ್ನೊಂದು 14. 2016ರ ಜುಲೈ 7ರಂದು ಡೆಲ್ಟಾ ಕಂಪನಿಯ ಏರ್‌ಬಸ್‌ನ ಪೈಲಟ್‌ಗಳಿಗೆ, ವಾಯುನೆಲೆ ಅಲ್ಲೇ ಇದೆ, ಜಾಗ್ರತೆ ಎಂದು ಕಂಟ್ರೋಲರ್ ಮೊದಲೇ ಹೇಳಿದ್ದರು. ಅವರೂ ಎಲ್ಸ್‌ವರ್ತ್‌ನಲ್ಲೇ ಇಳಿದರು.