ಮೇಜು ಮೂರು, ಅಕ್ಷರ ಒಂದು

ಹುಬ್ಬಳ್ಳಿಯಿಂದ ಗುಂತಕಲ್ಲಿಗೆ ಸಾಗುವ ರೈಲುದಾರಿಯಲ್ಲಿ ಕೊಪ್ಪಳವನ್ನು ದಾಟಿದ ಸ್ವಲ್ಪ ಹೊತ್ತಿಗೆ ಗಿಣಿಗೇರಾ ನಿಲ್ದಾಣವು ಬರುತ್ತದೆ. ಗಂಗಾವತಿಯ ಕಡೆಗೆ ಹೊಸ ಹಳಿ ಕವಲೊಡೆಯುವುದು ಇಲ್ಲಿಯೇ. ಹಿಂದೆ ಈ ದಾರಿಯೆಲ್ಲ ಮೀಟರ್ ಗೇಜಿನದಾಗಿತ್ತು. ಬ್ರಾಡ್ ಗೇಜಿನ ಗಾಡಿ ಇದರ ಮೇಲೆ ಓಡುವಂತಿರಲಿಲ್ಲ. ಗಣಕಯಂತ್ರದ ಲೋಕದಲ್ಲಿಯೂ ಇಂತಹುದೇ ಒಂದು ತೊಡಕುಂಟೆಂಬುದು ಈಚೆಗೆ ನನ್ನ ಅನುಭವಕ್ಕೆ ಬಂದಿತು.

ಗಿಣಿಗೇರಾದಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಹಳೆಯ ಗಣಕವೊಂದಿದೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ಸಾಧನವು ಆ ಯಂತ್ರದಲ್ಲಿಲ್ಲ. ಹೊಸದನ್ನು ಕೊಳ್ಳಲು ಹಣವಿಲ್ಲವಾಗಿ, ಲಿನಕ್ಸನ್ನು ಹಾಕಿಕೊಳ್ಳಬಹುದೇ ಎಂದು ನೋಡಲು, ತಂದೆಯು ಬೆರಳಚ್ಚು ಮಾಡಿದ್ದ ಊರಿನ ಕಥೆಯನ್ನು ಗೆಳೆಯನ ಲಿನಕ್ಸ್ ಗಣಕದಲ್ಲಿ ತೆರೆದನು. ಕನ್ನಡದ ಬದಲು ಇಂಗ್ಲಿಷಿನ ಅರ್ಥಹೀನ ಅಕ್ಷರಗಳು!

“ಸರ್, ನಮ್ಮಪ್ಪ ಬರದಿದ್ದೆಲ್ಲಾ ಹೋತೇನ್ರೀ?” ಎಂದು ಕೇಳುವಾಗ ಅವನ ಮುಖ ಸಣ್ಣದಾಗಿತ್ತು.

ಉತ್ತರಕ್ಕೆ ಮೊದಲು ಈ ವ್ಯವಸ್ಥೆಗಳ ಪರಿಚಯವು ಅವಶ್ಯ. ಪರದೆಯನ್ನೇ ಬರೆಯುವ ಮೇಜಿನಂತೆ ಭಾವಿಸುವ ಕಲ್ಪನೆಯು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರೂಪುಗೊಂಡಿತು. ಅಲ್ಲಿ 1973ರಲ್ಲಿ ಆಲ್ಟೊ ಎಂಬ ಯಂತ್ರವು ಸಿದ್ಧವಾಯಿತು. 1984ರಲ್ಲಿ ಆ್ಯಪಲ್‌ನ ಮ್ಯಾಕಿಂತೋಷ್, 1985ರಲ್ಲಿ ಮೈಕ್ರೋಸಾಫ್ಟಿನ ವಿಂಡೋಸ್ ಮಾರುಕಟ್ಟೆಗೆ ಬಂದುವು.

ಇಂದಿಗೂ ಅವುಗಳ ಚಹರೆ ಬೇರೆ ಬೇರೆ. ವಿಂಡೋಸಿನಲ್ಲಿ ಸ್ಟಾರ್ಟ್ ಗುಂಡಿಯೂ ಟಾಸ್ಕ್‌ಬಾರೂ ಕೆಳಗೆ. ಇವೆರಡೂ 1995ರ ಕೊಡುಗೆ. ಮ್ಯಾಕಿನಲ್ಲಿ ಮೆನು ಪರದೆಯ ನೆತ್ತಿಯ ಮೇಲೆ, ಡಾಕ್ ಕೆಳಗೆ. ಕಿಟಕಿಯನ್ನು ಮುಚ್ಚುವ ಗುಂಡಿಯು ವಿಂಡೋಸಿನಲ್ಲಿ ಬಲಕ್ಕಿದ್ದರೆ ಇಲ್ಲಿ ಎಡಕ್ಕೆ. ಲಿನಕ್ಸಿಗಾದರೋ ಒಂದೇ ಮುಖವಿಲ್ಲ: ಗ್ನೋಮ್, ಕೆಡಿಇ, ಹಳೆಯ ಯಂತ್ರಗಳಿಗೆ ಹೊರೆಯಾಗದ ಎಕ್ಸ್‌ಎಫ್‌ಸಿಇ ಮುಂತಾದುವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಒಂದೇ ಪರದೆಯಲ್ಲಿ ಹಲವು ಮೇಜುಗಳನ್ನು ಹಾಸಿಕೊಳ್ಳುವ ಸೌಕರ್ಯವು ಲಿನಕ್ಸಿನಲ್ಲಿ ಬಹುಕಾಲದಿಂದ ಇತ್ತು. ಮ್ಯಾಕಿಗೆ ಅದು ಬಂದುದು 2007ರಲ್ಲಿ, ವಿಂಡೋಸಿನಲ್ಲಿ ಎಲ್ಲರ ಕೈಗೆಟುಕಿದುದು 2015ರಲ್ಲಿ. ಬೆಲೆಯ ಮಾತಿಗೆ ಬಂದರೆ, ಮ್ಯಾಕಿಗಾಗಿ ಆ್ಯಪಲ್‌ನ ಯಂತ್ರವನ್ನೇ ಕೊಳ್ಳಬೇಕು; ವಿಂಡೋಸಿಗೆ ಪರವಾನಗಿ ಬೇಕು; ಲಿನಕ್ಸಿನ ಬಹುತೇಕ ಆವೃತ್ತಿಗಳು ಉಚಿತ.

ಕನ್ನಡದ ವಿಷಯದಲ್ಲಿ ಮೂರೂ ಇಂದು ಬರಿಗೈಯವಲ್ಲ. ವಿಂಡೋಸ್ ಎಕ್ಸ್‌ಪಿಯು 2001ರಲ್ಲಿ ‘ತುಂಗಾ’ ಎಂಬ ಅಕ್ಷರಶೈಲಿಯನ್ನು ತಂದಿತು. ಮ್ಯಾಕಿನಲ್ಲಿಯೂ ಕನ್ನಡದ ಅಕ್ಷರಶೈಲಿಗಳೂ ಕೀಲಿಮಣೆಯೂ ಇವೆ. ಲಿನಕ್ಸಿನ ಮೆನುಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆಯೂ ಅದರಲ್ಲಿ ದೊರೆಯುತ್ತದೆ.

ಹಾಗಾದರೆ ತಂದೆಯ ಕಥೆ ಏಕೆ ಕಾಣಲಿಲ್ಲ? ದೋಷವು ಮೇಜಿನದಲ್ಲ, ಗೇಜಿನದು. ಹಿಂದಿನ ಅನೇಕ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದುವು. ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಕಾಣುವುದು ಕೆಳಗಿನ ಇಂಗ್ಲಿಷ್ ಮಾತ್ರ. 1991ರಲ್ಲಿ ಹೊರಬಂದ ಯೂನಿಕೋಡ್ ಕನ್ನಡಕ್ಕೆ ತನ್ನದೇ ಆದ ಸ್ಥಾನವನ್ನು ಕೊಟ್ಟಿತು. ಅದರಲ್ಲಿ ‘ಕ’ ಅಕ್ಷರದ ಸಂಕೇತ 0C95. ಯಾವ ವ್ಯವಸ್ಥೆಯಲ್ಲಿ ತೆರೆದರೂ ಅದು ‘ಕ’ವೇ.

ಕಥೆ ಹೋಗಿರಲಿಲ್ಲ. ಹಳೆಯ ಯಂತ್ರದಲ್ಲಿಯೇ ಪರಿವರ್ತನಾ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ಬದಲಿಸಿದೆವು. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪಿದ್ದುವು. ತಂದೆಮಗ ಇಬ್ಬರೂ ಕುಳಿತು ತಿದ್ದಿದರು. ಅನಂತರವೇ ಲಿನಕ್ಸನ್ನು ಸ್ಥಾಪಿಸಿದುದು.

ವಾಚಕರು ಯಾವ ಮೇಜನ್ನಾದರೂ ಆರಿಸಿಕೊಳ್ಳಲಿ. ಅದು ಅಭಿರುಚಿಗೂ ಜೇಬಿಗೂ ಸಂಬಂಧಿಸಿದ ಮಾತು. ಆದರೆ ಮನೆಯ ಹಳೆಯ ಕಡತಗಳನ್ನು ಮೊದಲು ಯೂನಿಕೋಡಿಗೆ ತಂದು, ಪ್ರತಿಯೊಂದನ್ನು ಬೇರೆಡೆ ಇರಿಸಿ, ಅನಂತರ ಬದಲಾವಣೆಗೆ ಕೈಹಾಕುವುದು ಲೇಸು. ನಿಲ್ದಾಣಗಳು ಬೇರೆ ಬೇರೆ ಇದ್ದರೆ ಪ್ರಯಾಣಕ್ಕೆ ಅಡ್ಡಿಯಿಲ್ಲ. ಹಳಿಯ ಅಳತೆ ಮಾತ್ರ ಒಂದೇ ಇರಬೇಕು.